ಕೊಳದ ಮೂರನೆಯ ಮೆಟ್ಟಿಲು

ಸಭಾಪಾಲಕನ ಕೆಲಸಕ್ಕೆ ಸೇರುವ ಮೊದಲು ಈಜು ಕಲಿಯಿರಿ. ದೇವಶಾಸ್ತ್ರದ ಕಾಲೇಜಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಗ್ರೀಕ್ ಕಲಿಸುತ್ತಾರೆ, ಹೀಬ್ರೂ ಕಲಿಸುತ್ತಾರೆ, ಶವದ ಪೆಟ್ಟಿಗೆಯ ಯಾವ ಕಡೆ ನಿಲ್ಲಬೇಕು ಎಂಬುದನ್ನೂ ಕಲಿಸುತ್ತಾರೆ. ಕಡಲು ಕಾಣುವ ಊರುಗಳಲ್ಲಿ ಅರ್ಧ ಆಯುಷ್ಯ ಕಳೆದ ನಾನು ಈಜು ಕಲಿಯದೆಯೇ ನಿವೃತ್ತನಾದೆ.

ಈ ವರ್ಷ ಸಭಾಪಾಲಕರಾಗಿ ದೀಕ್ಷೆ ಪಡೆಯುವವರಿಗಾಗಿ ಸೇವೆಯ ಅನುಭವ ಬರೆದುಕೊಡಿ ಎಂದು ಕೇಳಿದ್ದಾರೆ. ಯಾವ ಊರಿನಿಂದ ಯಾವ ಊರಿಗೆ ವರ್ಗವಾಯಿತು, ಯಾವ ಸಮಿತಿಯಲ್ಲಿ ಕೂತಿದ್ದೆ ಎಂಬುದು ನಿಮಗೆ ಬೇಡ. ಬರೆಯಲು ಕೂತರೆ ನನಗೆ ಒಂದೇ ವಿಷಯ ಬರುತ್ತದೆ. ಬೈಬಲಿನಲ್ಲಿ ಅಲ್ಲಲ್ಲಿ ಬರುವ ಕೊಳಗಳು, ನಾನು ಅವುಗಳ ಬಗ್ಗೆ ಪ್ರಸಂಗ ಮಾಡಿದ ಊರುಗಳು, ಮತ್ತು ಕಾರ್ಕಳದ ಹತ್ತಿರದ ಒಂದು ಕಲ್ಲುಕೋರೆ. ಕೋರೆಯ ಬಗ್ಗೆ ಮೊದಲೇ ಬರೆದರೆ ಉಳಿದದ್ದನ್ನು ಬರೆಯಲು ಕೈ ಬರುವುದಿಲ್ಲ. ಆದ್ದರಿಂದ ಮೊದಲಿನಿಂದ ಶುರು ಮಾಡುತ್ತೇನೆ.

ನನ್ನ ಮೊದಲ ಸಭೆ ಕಾಪುವಿನ ಕಡೆಯದು. ಚಿಕ್ಕ ದೇವಾಲಯ, ಹಂಚಿನ ಮಾಡು, ಅದರ ಮೇಲೊಂದು ಶಿಲುಬೆ. ಮನೆಯಲ್ಲಿ ತುಳು, ಆರಾಧನೆಯಲ್ಲಿ ಕನ್ನಡ ಎಂಬ ಜನ. ಪದವಿ ಮುಗಿಸಿ, ಅದರ ಮೇಲೆ ದೇವಶಾಸ್ತ್ರವನ್ನೂ ಓದಿ ಬಂದ ಹುಮ್ಮಸ್ಸಿನಲ್ಲಿ ಬೆಥೆಸ್ದ ಕೊಳದ ಬಗ್ಗೆ ಒಂದು ಪ್ರಸಂಗ ಮಾಡಿದೆ. ಯೆರೂಸಲೇಮಿನ ಕುರಿಬಾಗಿಲ ಬಳಿ ಆ ಕೊಳ, ಸುತ್ತ ಐದು ಮಂಟಪಗಳು, ಮಂಟಪಗಳಲ್ಲಿ ಕುರುಡರು, ಕುಂಟರು, ಕೈಕಾಲು ಬತ್ತಿದವರು. ನೀರು ಕದಡಿದಾಗ ಮೊದಲು ಇಳಿದವನಿಗೆ ಗುಣವಾಗುತ್ತದೆ ಎಂದು ಕಾಯುವವರು. ಮೂವತ್ತೆಂಟು ವರ್ಷ ನರಳಿದ ಒಬ್ಬನಿಗೆ ತನ್ನನ್ನು ನೀರಿಗೆ ಇಳಿಸುವವರೇ ಇಲ್ಲ. ಯೇಸು ಅವನನ್ನು ನೀರಿಗೆ ಇಳಿಸದೆ, ಎದ್ದು ನಡೆ ಎನ್ನುತ್ತಾನೆ. ನಾನು ಐದು ಮಂಟಪಗಳೆಂದರೆ ಧರ್ಮಶಾಸ್ತ್ರದ ಐದು ಪುಸ್ತಕಗಳು, ಕದಡಿದ ನೀರೆಂದರೆ ಕದಡಿದ ಮನಸ್ಸು ಎಂದೆಲ್ಲ ಬಿಡಿಸಿ ಹೇಳಿದೆ. ನನಗೇ ನನ್ನ ಮೇಲೆ ಮೆಚ್ಚುಗೆಯಾಯಿತು.

ಆರಾಧನೆ ಮುಗಿದ ಮೇಲೆ ಎಮಿಲಿಯಕ್ಕ ಎಂಬ ಹಿರಿಯ ಹೆಂಗಸು ಬಾಗಿಲಲ್ಲಿ ನಿಂತಿದ್ದರು.

"ಪಾಸ್ಟರೇ, ಮಂಟಪದ ಕಥೆ ಎಲ್ಲ ಗೊತ್ತಾಯ್ತು. ಆ ಕೊಳದ ನೀರು ಸಿಹಿಯಾ, ಉಪ್ಪಾ?"

"ಅದೆಂತ ಪ್ರಶ್ನೆ ಅಕ್ಕ?"

"ಎಂತ ಅಂದ್ರೆ? ನಮ್ಮ ಬಾವಿಯದ್ದು ಮೇ ತಿಂಗಳಿಗೆ ಉಪ್ಪಾಗ್ತದೆ. ನೀವು ಹೊಸಬರು, ನಿಮಗೆ ಇನ್ನೂ ಗೊತ್ತಿಲ್ಲ. ಇನ್ನು ಎರಡು ವಾರ ಕಳೆಯಲಿ, ಚಾ ಕುಡಿಯುವಾಗ ನನ್ನ ನೆನಪಾದೀತು."

ನೆನಪಾಯಿತು. ಅದರ ನಂತರ ನಾನು ಕೊಳಗಳ ಬಗ್ಗೆ ಬೇರೆ ರೀತಿಯಲ್ಲಿ ಓದತೊಡಗಿದೆ. ಆ ನಾಡಿನಲ್ಲಿ ವರ್ಷದ ಮಳೆ ಕೆಲವೇ ತಿಂಗಳು. ಉಳಿದ ಕಾಲಕ್ಕೆ ಬಂಡೆ ಕಡಿದು, ಗಾರೆ ಮೆತ್ತಿ, ಮಳೆಯ ನೀರನ್ನು ತುಂಬಿಸಿ ಇಡಬೇಕು. ಹಿಜ್ಕೀಯ ಅರಸ ಕೊಳ ಕಟ್ಟಿಸಿ ಪಟ್ಟಣದೊಳಗೆ ನೀರು ತಂದದ್ದನ್ನು ಅವನ ಆಳ್ವಿಕೆಯ ದೊಡ್ಡ ಕೆಲಸ ಎಂದು ಬರೆದಿಟ್ಟಿದ್ದಾರೆ. ಶತ್ರು ಕೋಟೆಯ ಹೊರಗೆ ಕೂತರೆ ಒಳಗಿನವರ ಜೀವ ಆ ನೀರಿನಲ್ಲಿ ಇತ್ತು. ತೋಪಿಗೆ ಹಾಯಿಸಲು, ಕುರಿ ತೊಳೆಯಲು, ಬಟ್ಟೆ ಒಗೆಯಲು, ಕುಡಿಯಲು. ಅರ್ಥವೆಲ್ಲ ಆಮೇಲೆ ಬಂದದ್ದು. ನಮ್ಮ ದೇವಾಲಯದ ದೀಕ್ಷಾಸ್ನಾನದ ಬೋಗುಣಿಗೂ ಬೇಸಿಗೆಯಲ್ಲಿ ಎಮಿಲಿಯಕ್ಕ ಹೆದ್ದಾರಿಯ ಆಚೆಯ ಬಾವಿಯಿಂದ ಸಿಹಿನೀರು ತರುತ್ತಿದ್ದರು. ಕೂಸಿನ ಹಣೆಗೆ ಚಿಮುಕಿಸುವ ಮೂರು ಹನಿಗೆ ಉಪ್ಪುನೀರಾದರೆ ಏನು ಎಂದು ಕೇಳಿದೆ. "ಬಾಯಿಗೆ ಹೋದರೆ ಮಗು ಮುಖ ಕಿವುಚುತ್ತದೆ. ಫೋಟೋ ಹಾಳಾಗುವುದಿಲ್ವಾ?" ಎಂದರು.

ನನ್ನ ದೊಡ್ಡ ಎಡವಟ್ಟು ನಡೆದದ್ದು ಉಡುಪಿಯ ಸಭೆಯಲ್ಲಿ. ಅಲ್ಲಿ ಎರಡು ದೊಡ್ಡ ಮನೆತನಗಳಿಗೆ ಸ್ಮಶಾನದ ಗೋಡೆಯ ವಿಷಯದಲ್ಲಿ ಜಗಳ ಇತ್ತು. ಒಬ್ಬರು ಎಡಬದಿಯ ಬೆಂಚುಗಳಲ್ಲಿ, ಇನ್ನೊಬ್ಬರು ಬಲಬದಿಯ ಬೆಂಚುಗಳಲ್ಲಿ ಕೂರುತ್ತಿದ್ದರು. ನನಗೆ ಅದು ಗೊತ್ತಿದ್ದೂ ಗಿಬ್ಯೋನಿನ ಕೊಳದ ಪಾಠವನ್ನು ಆರಿಸಿದೆ. ಅಬ್ನೇರನೆಂಬ ಸೇನಾಪತಿಯ ಕಡೆಯವರು ಕೊಳದ ಈಚೆ, ಎದುರಾಳಿ ಯೋವಾಬನ ಕಡೆಯವರು ಕೊಳದ ಆಚೆ ಕೂತಿದ್ದಾರೆ. ಹುಡುಗರು ಎದ್ದು ಆಟ ಆಡಲಿ ಎಂದು ಒಬ್ಬ ಹೇಳುತ್ತಾನೆ, ಆಡಲಿ ಎಂದು ಇನ್ನೊಬ್ಬ ಒಪ್ಪುತ್ತಾನೆ. ಎದ್ದ ಹುಡುಗರು ಒಬ್ಬರ ತಲೆಯನ್ನು ಒಬ್ಬರು ಹಿಡಿದು ಪಕ್ಕೆಗೆ ಕತ್ತಿ ಹಾಕಿ ಎಲ್ಲರೂ ಒಟ್ಟಿಗೆ ಬೀಳುತ್ತಾರೆ. ಮಧ್ಯದ ನೀರು ಯಾರಿಗೂ ಸಿಗುವುದಿಲ್ಲ ಎಂದು ನಾನು ಮುಗಿಸಿದೆ. ಯಾರ ಹೆಸರನ್ನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಹೊರಗೆ ಕೈಕುಲುಕುವಾಗ ಎಡಬದಿಯ ಹಿರಿಯರೊಬ್ಬರು ನನ್ನ ಕೈಯನ್ನು ಬಿಡದೆ ಕೇಳಿದರು: "ಅಬ್ನೇರ ನಾನಾ, ಅವನಾ? ಅದನ್ನು ಮಾತ್ರ ಹೇಳಿ ಹೋಗಿ." ಬಲಬದಿಯವರು ಕೈಕುಲುಕಲೇ ಇಲ್ಲ.

ಮರುವಾರ ಎಲ್ಲ ಸಭೆಗಳ ಮೇಲಿನ ನಮ್ಮ ಅಧ್ಯಕ್ಷರು ಕರೆಸಿದರು. ಕಡಿಮೆ ಮಾತಿನ ಮನುಷ್ಯ, ಕನ್ನಡಕದ ಮೇಲಿನಿಂದ ನೋಡುವವರು. "ನೀನು ಕೊಳದ ಬಗ್ಗೆ ಹೇಳುವಾಗ ನೀರಿನ ಬಗ್ಗೆ ಹೇಳು ಮಾರಾಯ. ಜನರ ಬಗ್ಗೆ ಜನರೇ ಹೇಳಿಕೊಳ್ಳುತ್ತಾರೆ. ಚಾ ಕುಡಿ" ಎಂದರು. ಅಷ್ಟೇ. ನನ್ನ ಇಡೀ ಸೇವೆಯಲ್ಲಿ ಮೇಲಿನವರಿಂದ ಸಿಕ್ಕಿದ ಉಪಯೋಗದ ಮಾತು ಅದೊಂದೇ. ಅವರು ಈಗಿಲ್ಲ. ಆ ಜಗಳ ಇನ್ನೂ ಉಂಟು.

ಮಣಿಪಾಲದ ಆಸ್ಪತ್ರೆಗೆ ರೋಗಿಗಳನ್ನು ನೋಡಲು ಹೋಗುವುದು ನನ್ನ ಕೆಲಸದ ದೊಡ್ಡ ಭಾಗವಾಗಿತ್ತು. ನಮ್ಮ ಕಾಲದಲ್ಲಿ ಹಾಸಿಗೆಯ ಪಕ್ಕ ನಿಂತು ಗುಣವಾದವರ ಕಥೆ ಓದುವುದು ಪದ್ಧತಿ. ನಾನು ಬೆಥೆಸ್ದ ಕೊಳವನ್ನೇ ಓದುತ್ತಿದ್ದೆ. ಬೆನ್ನುಹುರಿಗೆ ಪೆಟ್ಟಾಗಿ ಮಲಗಿದ್ದ ಒಬ್ಬ ಬಸ್ ಡ್ರೈವರ್, ಹೆಬ್ರಿ ಕಡೆಯವರು, ಪೂರ್ತಿ ಕೇಳಿ, "ಅಲ್ಲಿ ತುಂಬ ಜನ ಮಲಗಿದ್ದರು ಅಂದ್ರಲ್ಲ, ಎದ್ದು ಹೋದದ್ದು ಒಬ್ಬನೇ ಅಲ್ವಾ? ಮರುದಿನ ಬೆಳಿಗ್ಗೆ ಉಳಿದವರ ಹತ್ತಿರ ನಿಮ್ಮ ಹಾಗೆ ಯಾರಾದರೂ ಹೋದರಾ?" ಎಂದು ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ. ಬಸ್ಸಿನ ಟೈಮ್ ವಿಚಾರಿಸುವ ಹಾಗೆ ಕೇಳಿದರು. ನಾನು ಮರುದಿನ ಬೆಳಿಗ್ಗೆ ಹೋದೆ. ಅಂದಿನಿಂದ ಆಸ್ಪತ್ರೆಯಲ್ಲಿ ಆ ಪಾಠ ಓದುವುದನ್ನು ಬಿಟ್ಟೆ. ಸುಮ್ಮನೆ ಕೂರುತ್ತಿದ್ದೆ. ಈಗ ನಿಮಗೆಲ್ಲ ಅದನ್ನು ತರಬೇತಿಯಲ್ಲೇ ಕಲಿಸುತ್ತಾರಂತೆ, ಒಳ್ಳೆಯದು.

ಕೊನೆಯ ಸಭೆ ಕಾರ್ಕಳದ್ದು. ಅಲ್ಲಿ ವಿನೋದಿನಿ ಇದ್ದಳು.

ಎರಡನೆಯ ವಯಸ್ಸಿನಲ್ಲಿ ಪೋಲಿಯೊ ಬಂದು ಎರಡೂ ಕಾಲಿನ ಬಲ ಹೋದವಳು. ನಾನು ಹೋಗುವಾಗ ಅವಳಿಗೆ ನಲವತ್ತು ದಾಟಿತ್ತು. ಮೋಟಾರ್ ಕೂರಿಸಿದ ಹೊಲಿಗೆ ಯಂತ್ರದಲ್ಲಿ ರವಿಕೆ ಹೊಲಿಯುತ್ತಿದ್ದಳು. ಮನೆಯೊಳಗೆ ಊರುಗೋಲು, ಹೊರಗೆ ಗಾಲಿಕುರ್ಚಿ. ಅವಳ ತೋಳುಗಳಲ್ಲಿ ಗಂಡಸರಿಗಿಲ್ಲದ ಬಲ ಇತ್ತು. ತಂದೆತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಜೊತೆಗಿದ್ದದ್ದು ತಮ್ಮ ಜಯಶೀಲ. ಕೆಲವು ವರ್ಷ ಗಲ್ಫಿನಲ್ಲಿದ್ದು ಹಿಂದೆ ಬಂದು ಸರಕು ಸಾಗಿಸುವ ಟೆಂಪೋ ಓಡಿಸುತ್ತಿದ್ದ. ನಮ್ಮ ದೇವಾಲಯಕ್ಕೆ ಎತ್ತರದ ಮೆಟ್ಟಿಲುಗಳಿದ್ದವು. ಪ್ರತಿ ಭಾನುವಾರ ಅವನು ಅಕ್ಕನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಬೆಂಚಿನಲ್ಲಿ ಕೂರಿಸಿ, ಸೀರೆಯ ನೆರಿಗೆ ಸರಿಮಾಡಿ, ತಾನು ಹೊರಗೆ ಹೋಗುತ್ತಿದ್ದ. ಗಲ್ಫಿನಲ್ಲಿ ಅವನು ಬೇರೊಂದು ಪ್ರಾರ್ಥನಾ ಗುಂಪಿಗೆ ಸೇರಿ, ಅಲ್ಲಿ ತೊಟ್ಟಿಯಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದಿದ್ದ. ಕಾರ್ಕಳದಲ್ಲೂ ಅಂಥದೇ ಗುಂಪು ಒಂದು ಬಾಡಿಗೆ ಹಾಲ್‌ನಲ್ಲಿ ಕೂಡುತ್ತಿತ್ತು. ಆರಾಧನೆ ಮುಗಿಯುವ ಹೊತ್ತಿಗೆ ಅಲ್ಲಿಂದ ಓಡಿ ಬಂದು ಅಕ್ಕನನ್ನು ಮತ್ತೆ ಎತ್ತಿಕೊಳ್ಳುತ್ತಿದ್ದ.

"ನಿಮ್ಮ ಪ್ರಸಂಗ ಉದ್ದವಾದರೆ ಅವನಿಗೆ ಅನುಕೂಲ. ಎರಡೂ ಕಡೆ ಕಾಣಿಕೆ ಹಾಕಬಹುದು" ಎಂದು ವಿನೋದಿನಿ ನನ್ನನ್ನು ಛೇಡಿಸುತ್ತಿದ್ದಳು.

ಮುಳುಗಿ ದೀಕ್ಷಾಸ್ನಾನ ಪಡೆದರೆ ಅಕ್ಕ ನಡೆಯುತ್ತಾಳೆ ಎಂದು ಜಯಶೀಲನಿಗೆ ನಂಬಿಕೆ ಹುಟ್ಟಿತು. ಗುಂಪಿನ ಬೋಧಕರು ಹಾಗೆಂದು ಮಾತು ಕೊಟ್ಟಿರಲಿಲ್ಲ, ಇಲ್ಲ ಎಂದೂ ಹೇಳಿರಲಿಲ್ಲ. ಒಂದು ಸಂಜೆ ವಿನೋದಿನಿ ನನ್ನನ್ನು ಮನೆಗೆ ಕರೆಸಿದಳು.

"ನಾನು ಹೂಂ ಅಂದಿದ್ದೇನೆ ಪಾಸ್ಟರೇ. ಬೈಯಬೇಡಿ."

ಕೂಸಾಗಿದ್ದಾಗ ಪಡೆದ ದೀಕ್ಷಾಸ್ನಾನ ಒಂದೇ ಸಾಕು, ಎರಡನೆಯದು ನಮ್ಮ ಸಭೆಯ ಬೋಧನೆಗೆ ಒಪ್ಪುವುದಿಲ್ಲ ಎಂದು ನಾನು ವಿವರಿಸತೊಡಗಿದೆ. ಅವಳು ಬಾಯಲ್ಲಿದ್ದ ದಾರ ಕಡಿದು ಕೇಳಿದಳು: "ನಿಮಗೆ ನಾನು ನಡೆಯುತ್ತೇನೆ ಅಂತ ಅನಿಸುತ್ತದಾ?"

"ಇಲ್ಲ."

"ನನಗೂ ಇಲ್ಲ. ಆದರೆ ನಾನು ಇಳಿಯದೆ ಹೋದರೆ, ಅಕ್ಕ ಇಳಿದಿದ್ದರೆ ನಡೆಯುತ್ತಿದ್ದಳು ಅಂತ ಅವನು ಸಾಯುವವರೆಗೂ ಅಂದುಕೊಳ್ಳುತ್ತಾನೆ. ಅವನಿಗೆ ಮದುವೆಯ ವಯಸ್ಸು ದಾಟುತ್ತಾ ಬಂತು. ಒಂದು ಸಲ ಮುಳುಗಿ ಎದ್ದು, ಕಾಲು ಹೀಗೇ ಉಂಟು ಅಂತ ತೋರಿಸಿಬಿಟ್ಟರೆ ಮುಗಿಯಿತಲ್ವಾ? ಆಮೇಲೆ ಅವನು ಅವನ ಸಂಸಾರ ನೋಡಿಕೊಳ್ಳಲಿ."

ನೀವು ಬಂದರೆ ಮಾತ್ರ ಇಳಿಯುತ್ತೇನೆ ಎಂದಳು. ಬರುತ್ತೇನೆ ಎಂದೆ.

ಜಾಗದ ವಿಷಯ ಆಮೇಲೆ ಗೊತ್ತಾಯಿತು. ಕಾಪುವಿನ ಕಡಲಿನಲ್ಲಿ ಅಲೆ ಹೆಚ್ಚು, ಗಾಲಿಕುರ್ಚಿ ಮರಳಿನಲ್ಲಿ ಹೋಗುವುದಿಲ್ಲ. ಹೊಳೆಗೆ ಇಳಿಯುವ ಜಾಗವೆಲ್ಲ ಇನ್ನೊಬ್ಬರದು. ಕಾರ್ಕಳದ ಸುತ್ತ ಕೆಲಸ ನಿಂತ ಕಲ್ಲುಕೋರೆಗಳು ಬಹಳ. ಮಳೆಗಾಲ ಮುಗಿದ ಮೇಲೆ ಅವು ಹಸಿರು ನೀರು ತುಂಬಿಕೊಂಡು ನಿಂತಿರುತ್ತವೆ. ಅಂಥ ಒಂದನ್ನು ಗುಂಪಿನವರು ಕಂಡುಕೊಂಡಿದ್ದರು. ಜಯಶೀಲ ತನ್ನ ಮೊಬೈಲಿನಲ್ಲಿ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನನಗೆ ತೋರಿಸಿದ. ಒಂದು, ಯೆರೂಸಲೇಮಿನಲ್ಲಿ ಮಣ್ಣು ಅಗೆದು ತೆಗೆದ ಸಿಲೋವ ಕೊಳದ್ದು. ಕುರುಡನ ಕಣ್ಣಿಗೆ ಕೆಸರು ಹಚ್ಚಿ, ಹೋಗಿ ತೊಳೆದುಕೋ ಎಂದು ಯೇಸು ಕಳುಹಿಸಿದ ಕೊಳ. ಅಗಲವಾದ ಕಲ್ಲಿನ ಮೆಟ್ಟಿಲುಗಳು ಒಂದರ ಕೆಳಗೆ ಒಂದು ಇಳಿಯುತ್ತವೆ. ಇನ್ನೊಂದು ಚಿತ್ರ ಕೋರೆಯದು. ಅಲ್ಲೂ ಅಗಲವಾದ ಕಲ್ಲಿನ ಮೆಟ್ಟಿಲುಗಳು.

"ನೋಡಿ ಪಾಸ್ಟರೇ, ಹಾಗೇ ಉಂಟು ಅಲ್ವಾ? ದೇವರೇ ಕಡಿಸಿ ಇಟ್ಟ ಹಾಗೆ. ಬೋಧಕರೂ ನಾನೂ ಇಳಿದು ನೋಡಿದ್ದೇವೆ. ಮೊದಲನೆಯ ಮೆಟ್ಟಿಲಲ್ಲಿ ನೀರು ಮೊಣಕಾಲಿಗೆ, ಎರಡನೆಯದರಲ್ಲಿ ಸೊಂಟಕ್ಕೆ."

ಹಾಗೆಯೇ ಇತ್ತು. ನಾನೂ ತಲೆಯಾಡಿಸಿದೆ. ಆ ಎರಡು ವಾರ ನಮ್ಮ ಸಭೆಯ ಸಮಿತಿಯಲ್ಲಿ, ಅವರ ಹಾಲ್‌ನಲ್ಲಿ, ವಿನೋದಿನಿಯ ಜಗಲಿಯಲ್ಲಿ ಎಷ್ಟು ಚರ್ಚೆ ನಡೆಯಿತು. ಚಿಮುಕಿಸುವುದು ಸರಿಯೇ, ಮುಳುಗಿಸುವುದು ಸರಿಯೇ, ಮುಳುಗುವುದು ಸಾಯುವುದರ ಗುರುತೇ, ಏಳುವುದು ಜೀವದ ಗುರುತೇ. ಬೋಧಕರೂ ನಾನೂ ಒಂದು ಮಧ್ಯಾಹ್ನವಿಡೀ ಗೌರವದಿಂದಲೇ ವಾದ ಮಾಡಿದೆವು. ಎರಡನೆಯ ಮೆಟ್ಟಿಲಿನ ಕೆಳಗೆ ಏನಿದೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಕೊಳ ಕಟ್ಟುವವರು ಜನ ಇಳಿಯಲಿ ಎಂದು ಮೆಟ್ಟಿಲು ಮಾಡುತ್ತಾರೆ. ಕೋರೆಯವರು ಕಲ್ಲು ಎಬ್ಬಿಸಲು ನಿಲ್ಲುವ ಜಾಗ ಬೇಕೆಂದು ಹಂತ ಬಿಡುತ್ತಾರೆ. ಬೇಕಾದಲ್ಲಿ ಬಿಡುತ್ತಾರೆ, ಬೇಡವಾದಲ್ಲಿ ನೇರ ಕೆಳಗೆ ಕಡಿಯುತ್ತಾರೆ. ನೀರು ತುಂಬಿದ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ.

ಒಂದು ಭಾನುವಾರ ಮಧ್ಯಾಹ್ನ ಊಟದ ನಂತರ ಹೋದೆವು. ಒಳ್ಳೆಯ ಬಿಸಿಲು. ಗುಂಪಿನ ಹೆಂಗಸರು ಮೇಲಿನ ಬಂಡೆಯ ಮೇಲೆ ನಿಂತು ಹಾಡುತ್ತಿದ್ದರು. ವಿನೋದಿನಿಗೆ ಬಿಳಿಯ ಚೂಡಿದಾರ ತೊಡಿಸಿ, ಕೈಯಿರುವ ಬಿಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದರು. ತನ್ನ ಊರುಗೋಲುಗಳನ್ನು ಅವಳು ನನ್ನ ಕೈಗೆ ಕೊಟ್ಟಳು.

"ಇದನ್ನು ಹಿಡಿದುಕೊಳ್ಳಿ. ಬರುವಾಗ ಬೇಕಾಗುತ್ತದೆ" ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿ ನಕ್ಕಳು.

ಬೋಧಕರು ಮೊದಲೇ ಇಳಿದು ಎರಡನೆಯ ಹಂತದಲ್ಲಿ ಸೊಂಟದ ನೀರಿನಲ್ಲಿ ನಿಂತಿದ್ದರು. ಕುರ್ಚಿಯನ್ನು ನಾಲ್ವರು ಎತ್ತಿದರು. ಹಿಂದೆ ಇಬ್ಬರು, ಮುಂದೆ ಜಯಶೀಲ ಮತ್ತು ಇನ್ನೊಬ್ಬ. ಮುಂದಿನವರು ಹಿಮ್ಮುಖವಾಗಿ ನಡೆಯಬೇಕು. ಜಯಶೀಲ ಅಕ್ಕನ ಮುಖ ನೋಡುತ್ತಾ, ಕುರ್ಚಿಯ ಬಲಗೈಯನ್ನು ಹಿಡಿದು, ಕಾಲಿನಿಂದ ತಡವಿ ತಡವಿ ಇಳಿಯುತ್ತಿದ್ದ. ಅಡಿಯಲ್ಲಿ ಕಲ್ಲಿನ ಪುಡಿ ಕೂತು ಲೋಳೆಯಾಗಿತ್ತು ಎಂದು ಆಮೇಲೆ ಹೇಳಿದರು. ನಾನು ಊರುಗೋಲು ಹಿಡಿದುಕೊಂಡು ಮೊದಲನೆಯ ಹಂತದವರೆಗೆ ಇಳಿದೆ. ನೀರು ತಣ್ಣಗಿತ್ತು.

"ಭಾರ ಆಗ್ತದಾ?" ಎಂದು ವಿನೋದಿನಿ ಕೇಳಿದಳು.

"ನಿನ್ನೆ ಬಂಗುಡೆ ತಿನ್ನುವಾಗ ಇದನ್ನು ಯೋಚಿಸಬೇಕಿತ್ತು" ಎಂದ ಜಯಶೀಲ. ಹಿಂದಿನ ಇಬ್ಬರೂ ನಕ್ಕರು.

ಎರಡನೆಯ ಹಂತ ಮುಟ್ಟಿದರು. ಅಲ್ಲಿಯೇ ನಿಲ್ಲಿಸಬಹುದಿತ್ತು. ಕೂತವಳಿಗೆ ಎದೆಯವರೆಗೆ ನೀರು ಬಂದಿತ್ತು. ಬೋಧಕರು, "ತಲೆ ಪೂರ್ತಿ ಮುಳುಗಬೇಕು, ಕುರ್ಚಿ ವಾಲಿಸಲು ಜಾಗ ಸಾಲದು, ಇನ್ನೊಂದು ಮೆಟ್ಟಿಲು" ಎಂದರು. ಜಯಶೀಲ ಹಿಂದಕ್ಕೆ ಕಾಲಿಟ್ಟ.

ಆ ಕಾಲಿನ ಕೆಳಗೆ ಏನೂ ಇರಲಿಲ್ಲ.

ಇದರ ನಂತರದ್ದನ್ನು ನಾನು ದಿನವೂ ನೋಡುತ್ತೇನೆ. ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ, ಯಾರೋ ಏನೋ ಮಾತಾಡುತ್ತಿರುವಾಗ. ಅವನು ಕತ್ತಿನವರೆಗೆ ಇಳಿದ. ಮುಂದಿದ್ದ ಇನ್ನೊಬ್ಬ ಜಾರಿ ಹಂತದ ಮೇಲೆಯೇ ಬಿದ್ದ. ಕುರ್ಚಿ ಮುಂದಕ್ಕೆ ವಾಲಿತು. ಹಿಂದಿನ ಇಬ್ಬರು ಕುರ್ಚಿಯ ಬೆನ್ನನ್ನು ಜಗ್ಗಿ ಹಿಡಿದಿದ್ದರು, ಅವರ ಕಾಲುಗಳೂ ಜಾರುತ್ತಿದ್ದವು. ಜಯಶೀಲನ ಒಂದು ಕೈ ಕುರ್ಚಿಯ ಬಲಗೈಯ ಮೇಲೆ ಇತ್ತು. ಅವನ ಭಾರವೆಲ್ಲ ಅಲ್ಲಿತ್ತು. ಕುರ್ಚಿ, ಅಕ್ಕ, ಹಿಂದಿನ ಇಬ್ಬರು, ಎಲ್ಲರೂ ಅಂಚಿನ ಕಡೆಗೆ ಸರಿಯುತ್ತಿದ್ದರು. ಉಳಿದವರೆಲ್ಲ ವಿನೋದಿನಿಯನ್ನು ನೋಡುತ್ತಿದ್ದರು. ಬೋಧಕರು ಅವಳ ಭುಜ ಹಿಡಿಯಲು ಹೋಗಿ ಬಿದ್ದರು. ವಿನೋದಿನಿಯ ಕಣ್ಣಿಗೆ ನೀರು ಹಾರಿತ್ತು. ನಾನು ನಿಂತ ಜಾಗದಿಂದ ನನಗೆ ಕಂಡದ್ದು ಆ ಕೈ ಮತ್ತು ಅವನ ಮುಖ. ಅವನು ಕುರ್ಚಿಯನ್ನು ನೋಡಿದ, ಹಿಂದಿನವರ ಕಾಲುಗಳನ್ನು ನೋಡಿದ. ಬಾಯಿ ತೆರೆದಿತ್ತು, ಆದರೆ ಕೂಗಲಿಲ್ಲ. ಆಮೇಲೆ ಬೆರಳುಗಳು ಬಿಚ್ಚಿಕೊಂಡವು.

ಕುರ್ಚಿ ಒಮ್ಮೆಲೇ ಹಿಂದಕ್ಕೆ ಹಾರಿ ಮಗುಚಿತು. ವಿನೋದಿನಿ ಹಂತದ ಅಂಚಿಗೆ ಬಿದ್ದು ಮುಳುಗಿದಳು. ನಾನು ಮೊದಲನೆಯ ಹಂತದ ಅಂಚಿನಲ್ಲಿ ನೀರಿನಲ್ಲೇ ಮೊಣಕಾಲೂರಿ ಊರುಗೋಲನ್ನು ಚಾಚಿದೆ. ಅವಳು ಅದನ್ನು ಹಿಡಿದಳು. ಅವಳನ್ನು ನಾನು ಎಳೆದೆ ಎಂದು ಪತ್ರಿಕೆಯಲ್ಲಿ ಬಂತು. ನಿಜವಾಗಿ ಅವಳೇ ತನ್ನ ತೋಳಿನ ಬಲದಿಂದ ಊರುಗೋಲನ್ನು ಹತ್ತಿ ಬಂದಳು, ನಾನು ಬರೀ ಹಿಡಿದುಕೊಂಡಿದ್ದೆ. ಮತ್ತೆ ನೋಡುವಾಗ ನೀರು ಸಮವಾಗಿತ್ತು. ಗುಂಪಿನ ಇಬ್ಬರು ಯುವಕರು ಹಾರಿ ಮುಳುಗಿ ಮೇಲೆ ಬಂದು, ತಳ ಸಿಗುವುದಿಲ್ಲ ಎಂದರು. ಮೇಲಿನ ಬಂಡೆಯಲ್ಲಿದ್ದ ಹೆಂಗಸರಲ್ಲಿ ಒಬ್ಬಳು ಏನೂ ತಿಳಿಯದೆ ಇನ್ನೂ ಹಾಡುತ್ತಲೇ ಇದ್ದಳು.

ಅಗ್ನಿಶಾಮಕದವರು ಬಂದು ಕತ್ತಲಾಗುವ ಮೊದಲು ಅವನನ್ನು ತೆಗೆದರು. ಅಲ್ಲಿಯವರೆಗೆ ವಿನೋದಿನಿ ಒದ್ದೆ ಬಟ್ಟೆಯಲ್ಲೇ ಬಂಡೆಯ ಮೇಲೆ ಕೂತಿದ್ದಳು. ಯಾರ ಶಾಲನ್ನೂ ಹೊದೆದುಕೊಳ್ಳಲಿಲ್ಲ. ಅವನು ಹೇಗೆ ಬಿದ್ದ ಎಂದು ಪೊಲೀಸರು ನನ್ನನ್ನು ಕೇಳಿದಾಗ, ಕಾಲಿಗೆ ನೆಲ ಸಿಗದೆ ಬಿದ್ದ ಎಂದೆ. ಅದು ಸತ್ಯ. ಅದಕ್ಕಿಂತ ಹೆಚ್ಚಿನದು ಅವರಿಗೆ ಬೇಕಿರಲಿಲ್ಲ.

ಅವನು ಗುಂಪು ಬದಲಿಸಿದವನು, ನಮ್ಮ ಸ್ಮಶಾನದಲ್ಲಿ ಜಾಗ ಕೊಡಬಹುದೇ ಎಂದು ಸಮಿತಿಯ ಒಬ್ಬರು ಮೆತ್ತಗೆ ಕೇಳಿದರು. ಆ ಪ್ರಶ್ನೆಗೆ ಉತ್ತರಿಸದೆ ನಾನು ಗುಂಡಿ ತೋಡುವವರಿಗೆ ಫೋನ್ ಮಾಡಿದೆ. ನೀವೂ ಹಾಗೆಯೇ ಮಾಡಿ. ಬೋಧಕರು ಸ್ಮಶಾನದ ಗೇಟಿನ ಹೊರಗೆ ನಿಂತಿದ್ದರು. ಒಳಗೆ ಕರೆದೆ, ಬರಲಿಲ್ಲ. ಅವರನ್ನು ದೂಷಿಸುವವರು ಬಹಳ ಇದ್ದಾರೆ. ಅವರೂ ಸೊಂಟದ ನೀರಿನಲ್ಲಿ ಅದೇ ಅಂಚಿನಲ್ಲಿ ನಿಂತಿದ್ದರು ಎಂಬುದು ನನಗೆ ನೆನಪಿದೆ. ಜಯಶೀಲನ ಹಾಗೆ, ನನ್ನ ಹಾಗೆ, ಅವರಿಗೂ ಈಜು ಬರುತ್ತಿರಲಿಲ್ಲ.

ಶವಸಂಸ್ಕಾರದ ಪ್ರಸಂಗದಲ್ಲಿ ನಾನು ಯಾವ ಕೊಳದ ಹೆಸರನ್ನೂ ಎತ್ತಲಿಲ್ಲ. ಬೈಬಲಿನಲ್ಲಿ ಕೊಳದ ಬಳಿ ಗುಣವಾದವರು ಇದ್ದಾರೆ, ಕೊಳದ ಬಳಿ ಸತ್ತವರು ಇದ್ದಾರೆ, ಸತ್ತ ಅರಸನ ರಥದ ರಕ್ತ ತೊಳೆದ ಕೊಳವೂ ಇದೆ. ಅಕ್ಕನನ್ನು ನೀರಿಗೆ ಇಳಿಸುವವನೇ ನೀರಿನಲ್ಲಿ ಉಳಿದುಹೋದ ಕಥೆ ಅಲ್ಲಿ ಎಲ್ಲೂ ಇಲ್ಲ. ಹುಡುಕಿ ನೋಡಿದ್ದೇನೆ.

ಕೆಲವು ತಿಂಗಳ ನಂತರ ನನ್ನ ನಿವೃತ್ತಿಯ ದಿನ ಹತ್ತಿರ ಬಂತು. ವಿದಾಯ ಹೇಳಲು ಒಂದು ಮಧ್ಯಾಹ್ನ ವಿನೋದಿನಿಯ ಮನೆಗೆ ಹೋದೆ. ಶಿರ್ವದಿಂದ ಬಂದ ಚಿಕ್ಕಮ್ಮನ ಮಗಳೊಬ್ಬಳು ಜೊತೆಗಿದ್ದಳು. ಅವಳನ್ನು ಅಂಗಡಿಗೆ ಕಳುಹಿಸಿ ವಿನೋದಿನಿ ಹೊಲಿಗೆ ಯಂತ್ರದಿಂದ ಗಾಲಿಕುರ್ಚಿಯನ್ನು ಈ ಕಡೆ ತಿರುಗಿಸಿದಳು.

"ನೀವು ಹೋಗುವ ಮೊದಲು ಒಂದು ಕೇಳಬೇಕು. ಅವತ್ತು ಎಲ್ಲರೂ ನನ್ನನ್ನೇ ನೋಡುತ್ತಿದ್ದರು ಅಂತಾರೆ. ನೀವು ಅವನನ್ನು ನೋಡುತ್ತಿದ್ದಿರಿ."

"ಹೌದು."

"ಅವನ ಕೈ ಜಾರಿದ್ದಾ, ಅವನೇ ಬಿಟ್ಟದ್ದಾ?"

ಈ ಕೆಲಸದಲ್ಲಿ ಬಾಯಿಗೆ ಬರುವ ಮಾತುಗಳು ಬಹಳ ಇರುತ್ತವೆ. ದೇವರಿಗೆ ಗೊತ್ತು ಎನ್ನಬಹುದಿತ್ತು. ಅವನು ಜೀವ ಕೊಟ್ಟ ಎಂದು ಹೇಳಿದರೆ ಪ್ರಸಂಗವಾಗುತ್ತಿತ್ತು, ಅವಳು ಉಳಿದ ಆಯುಷ್ಯವೆಲ್ಲ ಅದನ್ನು ಹೊರಬೇಕಿತ್ತು. ಜಾರಿತು ಎಂದರೆ ಅವನ ಕೊನೆಯ ಕೆಲಸವನ್ನು ನಾನು ಕದ್ದಂತೆ ಆಗಬಹುದಿತ್ತು. ನನಗೆ ಯಾವುದೂ ಖಚಿತವಿರಲಿಲ್ಲ, ಇವತ್ತಿಗೂ ಇಲ್ಲ.

"ನನಗೆ ಗೊತ್ತಿಲ್ಲ ವಿನೋದಿನಿ. ಬೆರಳು ಬಿಚ್ಚಿದ್ದು ಕಂಡೆ."

"ಹೇಗೆ ಬಿಚ್ಚಿತು? ತೋರಿಸಿ."

ತನ್ನ ಗಾಲಿಕುರ್ಚಿಯ ಬಲಗೈಯನ್ನು ತಟ್ಟಿದಳು. ನಾನು ಅವಳ ಮುಂದೆ ನೆಲದ ಮೇಲೆ ಮೊಣಕಾಲೂರಿ ಕೂತು ಅದನ್ನು ಹಿಡಿದೆ. ಅವನು ಹಿಡಿದ ಹಾಗೆ, ಹೆಬ್ಬೆರಳು ಕೆಳಗೆ, ನಾಲ್ಕು ಬೆರಳು ಮೇಲೆ. ಭಾರ ಹಾಕಿದೆ. ಕುರ್ಚಿ ಸ್ವಲ್ಪ ನನ್ನ ಕಡೆ ಬಂತು. ನಂತರ ಕಂಡ ಹಾಗೆಯೇ ಬೆರಳು ತೆರೆದೆ. ಕುರ್ಚಿ ಹಿಂದಕ್ಕೆ ಸರಿಯಿತು.

ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

"ಮತ್ತೊಮ್ಮೆ" ಎಂದಳು.

ಮತ್ತೆ ತೋರಿಸಿದೆ. ಬೇಗ ಆಯಿತಾ, ನಿಧಾನವಾ ಎಂದು ಕೇಳಿದಳು. ಇಷ್ಟೇ ಹೊತ್ತು ಎಂದೆ. ಹೊರಗೆ ರಸ್ತೆಯಲ್ಲಿ ಕಲ್ಲಿನ ಲಾರಿಯೊಂದು ಹೋಯಿತು, ಕಿಟಕಿ ಅಲ್ಲಾಡಿತು.

"ಮತ್ತೊಮ್ಮೆ" ಎಂದಳು.

ಮೂರನೆಯ ಸಲ ನಾನು ಹಿಡಿದು ಭಾರ ಹಾಕಿದಾಗ ಅವಳು ತನ್ನ ಕೈಯನ್ನು ನನ್ನ ಬೆರಳುಗಳ ಮೇಲಿಟ್ಟು ಒತ್ತಿಹಿಡಿದಳು. ನಾನು ಬೆರಳು ಬಿಚ್ಚಲು ನೋಡಿದೆ, ಆಗಲಿಲ್ಲ.